ಸುಭದ್ರಮ್ಮನವರು ಕೂತಿದ್ದ ತಗ್ಗು

ಕಾರಿನ ಬಗ್ಗೆ ಮಾತಾಡುವವರೆಲ್ಲ ಬಾನೆಟ್ಟು ಎತ್ತಿಟ್ಟುಕೊಂಡು ಮಾತಾಡುತ್ತಾರೆ. ನಾನು ಮೂವತ್ತೊಂಬತ್ತು ವರ್ಷ ಕಾರಿನ ಒಳಗಡೆ ಇದ್ದವನು. ಸೀಟು ಹೊಲಿಯುವುದು ನನ್ನ ಕೆಲಸ. ಎಂಜಿನ್ನಿಗೆ ಎಷ್ಟು ಕುದುರೆಯ ಬಲ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆದರೆ ಆ ಕಾರಿನಲ್ಲಿ ಯಾರು ಯಾವ ಕಡೆಗೆ ವಾಲಿ ಕೂರುತ್ತಿದ್ದರು, ಯಾರು ಬಾಗಿಲಿಗೆ ಒರಗಿ ನಿದ್ದೆ ಮಾಡುತ್ತಿದ್ದರು, ಯಾರು ಸಿಟ್ಟು ಬಂದಾಗ ಉಗುರಿನಲ್ಲಿ ರೆಕ್ಸಿನ್ ಕೆರೆಯುತ್ತಿದ್ದರು ಎಂದು ಹೇಳಬಲ್ಲೆ.

ಕೆಸರೆಯ ನನ್ನ ಅಂಗಡಿಗೆ ಬೀಗ ಹಾಕಿ ಎರಡು ವರ್ಷವಾಯಿತು. ಈ ಕೆಲಸಕ್ಕೆ ಹೊಸದಾಗಿ ಇಳಿದ ನಾಲ್ಕೈದು ಮಂದಿ ಮನೆಗೆ ಬಂದು ನಿಮ್ಮ ಅನುಭವ ಬರೆದುಕೊಡಿ ಎಂದರು. ಶಾಲು ಹೊದಿಸಿಕೊಂಡ ಕಥೆ ನನ್ನಲ್ಲಿಲ್ಲ. ಒಂದೆರಡು ಸಣ್ಣ ತಪ್ಪು, ಒಂದು ದೊಡ್ಡ ತಪ್ಪು ಇದೆ. ಆ ದೊಡ್ಡ ತಪ್ಪಿಗೋಸ್ಕರವೇ ಬರೆಯುತ್ತಿದ್ದೇನೆ.

ಲಕ್ಷ್ಮೀಪುರಂನ ಒಂದು ಮನೆಯ ಅಂಗಳದಲ್ಲಿ ಎರಡು ಕಾರು ನಿಂತಿದ್ದವು. ಒಂದು ನಾನು ಹುಟ್ಟಿದ ಕಾಲದ ಅಮೆರಿಕದ ಗಾಡಿ. ಎರಡೇ ಬಾಗಿಲು, ಎಂಟು ಸಿಲಿಂಡರು, ಮಂಚದಷ್ಟು ಉದ್ದದ ಮೂತಿ. ಇಂಥದ್ದಕ್ಕೆ ಮಸಲ್ ಕಾರ್ ಎನ್ನುತ್ತಾರಂತೆ. ಬೀದಿಯವರು ಗುಡುಗಿನ ಗಾಡಿ ಎನ್ನುತ್ತಿದ್ದರು. ಆ ಮನೆಯ ಯಜಮಾನರು ವಕೀಲರು, ತಾತನ ಕಾಲದಿಂದ ಅರಮನೆಯ ಕಚೇರಿಗಳಲ್ಲಿ ಕೆಲಸ ಮಾಡಿದ ಮನೆತನದವರು. ಒಬ್ಬ ವಿದೇಶಿ ಎಂಜಿನಿಯರು ತನ್ನ ದೇಶಕ್ಕೆ ಹಿಂದಿರುಗುವಾಗ ಅವರು ಅದನ್ನು ಕೊಂಡಿದ್ದರು. ಅವರು ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅದರ ಪಕ್ಕದಲ್ಲಿ ನಿಂತಿದ್ದದ್ದು ಅವರ ಮಗಳು ವಸುಧಾ ಮೇಡಂ ಅವರ ಸಣ್ಣ ಹ್ಯಾಚ್‌ಬ್ಯಾಕ್. ಬಿಳೀ ಬಣ್ಣ, ಗಿಡ್ಡ ಮೂತಿ, ಹಿಂದುಗಡೆ ಕತ್ತರಿಸಿಟ್ಟ ಹಾಗೆ. ಚಾಲೂ ಆದರೆ ಆಗಿದೆಯೋ ಇಲ್ಲವೋ ಎಂದು ಬಗ್ಗಿ ಕೇಳಬೇಕು.

ಮನೆಯ ಹಿರಿಯರು ಸುಭದ್ರಮ್ಮನವರು, ವಕೀಲರ ಹೆಂಡತಿ. ಬಚ್ಚಲಲ್ಲಿ ಜಾರಿ ಎಡಗಡೆಯ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅವರ ತಂಗಿ ಲಲಿತಮ್ಮನವರು ಒಂಟಿಕೊಪ್ಪಲಿನಲ್ಲಿ ಹಾಸಿಗೆ ಹಿಡಿದು ಮಲಗಿದ್ದರು. ಮದುವೆಯಾಗಿ ಬೇರೆ ಬೇರೆ ಮನೆ ಸೇರಿದಂದಿನಿಂದ ಅಕ್ಕತಂಗಿಯರು ಗುರುವಾರ ಮಧ್ಯಾಹ್ನ ಸೇರುವುದು ತಪ್ಪಿದ್ದಿಲ್ಲ. ಸೊಂಟ ಮುರಿದ ಮೇಲೆ ನಾಲ್ಕು ತಿಂಗಳು ತಪ್ಪಿತು. ಹ್ಯಾಚ್‌ಬ್ಯಾಕಿನಲ್ಲಿ ಕೂತರೆ ಬೀದಿಯ ಕೊನೆ ತಲುಪುವಷ್ಟರಲ್ಲಿ ನೋವು ತಡೆಯಲಾರದೆ ವಾಪಸಾಗುತ್ತಿದ್ದರು. ದಿಂಬು ಇಟ್ಟರೆ ಜಾರುತ್ತಿತ್ತು. ಲಲಿತಮ್ಮನವರು ದಿನದಿನಕ್ಕೆ ಕರಗುತ್ತಿದ್ದರು. ಫೋನು ಕಿವಿಗೆ ಹಿಡಿದರೆ ಹೂಂ ಎನ್ನುವುದು ಬಿಟ್ಟರೆ ಹೆಚ್ಚು ಮಾತಿಲ್ಲ. ಎದುರಿಗೆ ಯಾರಾದರೂ ಕೂತರೆ ಮಾತ್ರ ಮಾತು.

"ಅಪ್ಪನ ಕಾರಲ್ಲಿ ಅಮ್ಮ ಆರಾಮಾಗಿ ಕೂತ್ಕೊಳ್ತಾರೆ, ಸಿದ್ದರಾಜು ಅವ್ರೇ" ಎಂದರು ವಸುಧಾ ಮೇಡಂ ಫೋನಿನಲ್ಲಿ. "ಅಂಗಳದಲ್ಲಿ ಕೂರ್ಸಿ ನೋಡ್ದೆ. ಅರ್ಧ ಗಂಟೆ ಕೂತಿದ್ರು, ನೋವು ಅನ್ಲಿಲ್ಲ. ಆದ್ರೆ ಸೀಟು ಹರಿದೋಗಿದೆ, ಒಂದು ಸ್ಪ್ರಿಂಗ್ ಮೇಲೆ ಬಂದಿದೆ. ಮೆಕ್ಯಾನಿಕ್ ಎಂಜಿನ್ ರೆಡಿ ಮಾಡಿದ್ದಾರೆ. ಈ ಗುರುವಾರದೊಳಗೆ ಸೀಟು ಮಾಡ್ಕೊಡ್ತೀರಾ? ಅಮ್ಮಂಗೆ ಹೇಳ್ಬೇಡಿ, ಖುಷಿಯಾಗ್ಲಿ."

ಮುಂದುಗಡೆಯ ಸೀಟು ಗೂಡ್ಸ್ ಆಟೋದಲ್ಲಿ ಕೆಸರೆಗೆ ಬಂತು. ಅದು ಬಂದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಈ ಕಡೆಯ ಬಾಗಿಲಿನಿಂದ ಆ ಕಡೆಯ ಬಾಗಿಲಿನವರೆಗೆ ಒಂದೇ ಉದ್ದನೆಯ ಸೀಟು, ಮೂರು ಜನ ಒತ್ತಿಕೊಳ್ಳದೆ ಕೂರಬಹುದು. ಅಂಗಡಿಯ ನೆಲದ ಮೇಲೆ ಇಟ್ಟು ಅದರ ಮೇಲೆ ಸ್ವಲ್ಪ ಹೊತ್ತು ಕೂತೆ. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಹಳೇ ತೆಂಗಿನ ನಾರಿನ ವಾಸನೆ, ಎಂದೋ ಚೆಲ್ಲಿದ ಮಲ್ಲಿಗೆ ಎಣ್ಣೆಯ ವಾಸನೆ. ಕಣ್ಣು ಮುಚ್ಚಿದರೆ ಸೀಟು ಮೆಲ್ಲಗೆ ತೇಲಿಕೊಂಡು ಹೊರಟ ಹಾಗಾಯಿತು. ಎರಡೂ ಕಡೆ ಮರಗಳು, ರಸ್ತೆಯಲ್ಲಿ ಯಾರೂ ಇಲ್ಲ. ನನಗೆ ಈ ಅಭ್ಯಾಸ ಮೊದಲಿನಿಂದಲೂ ಇತ್ತು. ನಿಂತ ಕಾರುಗಳಲ್ಲಿ ಕೂತು ನಾನು ಎಷ್ಟೋ ಊರು ಸುತ್ತಿದ್ದೇನೆ.

ಈ ಅಭ್ಯಾಸಕ್ಕೆ ಬೈಸಿಕೊಂಡದ್ದೂ ಇದೆ. ನಮ್ಮಪ್ಪ ಟಾಂಗಾಗಾಡಿಗಳಿಗೆ ಸೀಟು ಹೊಲಿಯುತ್ತಿದ್ದವರು. ಟಾಂಗಾ ಕಡಿಮೆಯಾದಾಗ ನನ್ನನ್ನು ಗೌಸ್ ಸಾಬರ ಬಳಿ ಬಿಟ್ಟರು. ಊರಿನಲ್ಲಿ ಕಾರಿನ ಕುಶನ್ ಕೆಲಸಕ್ಕೆ ಅವರೇ ದೊಡ್ಡವರು. ತೆಳ್ಳಗಿನ ಮನುಷ್ಯ, ಬಾಯಲ್ಲಿ ಸದಾ ಎರಡು ಸೂಜಿ. ಹಿಂದಿನ ಸೀಟಿನಲ್ಲಿ ನಾನು ನಿದ್ದೆ ಮಾಡುತ್ತಿದ್ದರೆ ಡಬ್ಬಣದ ಹಿಡಿಯಿಂದ ಪಾದಕ್ಕೆ ತಟ್ಟಿ ಎಬ್ಬಿಸುವರು. "ಎಲ್ಲೀತಂಕ ಹೋಗಿದ್ಯಪ್ಪ? ಊಟಿ ಮುಟ್ಟಿದ್ಯಾ?" ಎಂದು ಕೇಳುವರು. ನಾನು ನಂಜನಗೂಡು ದಾಟಿದೆ ಎಂದರೆ, "ಹಂಗಾದ್ರೆ ಇಳಿ, ಅಂಚಿನ ಪೈಪಿಂಗ್ ಬಾಕಿ ಐತೆ" ಎನ್ನುವರು.

ಅವರಿಂದ ಕಲಿತದ್ದರಲ್ಲಿ ಮುಖ್ಯವಾದದ್ದು ಒಂದು. ಅವರು ಗಿರಾಕಿಯ ಮೈಗೆ ಎಂದೂ ಟೇಪು ಹಿಡಿದವರಲ್ಲ. ಗಿರಾಕಿಯನ್ನು ಹಳೇ ಸೀಟಿನ ಮೇಲೆ ಕೂರಿಸಿ ಏನಾದರೂ ಹರಟುವರು. ಹದಿನೈದು ನಿಮಿಷವಾದ ಮೇಲೆ, "ಏಳಿ ಸ್ವಾಮಿ, ಟೀ ಕುಡೀರಿ" ಎಂದು ಎಬ್ಬಿಸಿ, ಅವರು ಆ ಕಡೆ ತಿರುಗಿದ ಕೂಡಲೇ ಅಂಗೈಯನ್ನು ಸೀಟಿನ ಮೇಲೆ ಇಡುವರು. ಬಿಸಿ ಎಲ್ಲಿದೆ, ತಗ್ಗು ಎಲ್ಲಿದೆ, ಯಾವ ಕಡೆಗೆ ಭಾರ. ಸೀಟು ಮರೆಯುವ ಮುಂಚೆ ಓದಿಕೊಳ್ಳಬೇಕು. "ಕೂರ್ಸು, ಎಬ್ಸು, ಕೈ ಇಡು. ಆಮೇಲೆ ಕತ್ರಿ ಮುಟ್ಟು" ಎನ್ನುತ್ತಿದ್ದರು. ಹೆಂಗಸರ ಸೀಟಿಗೂ ಇದೇ ಕ್ರಮ, ಯಾರಿಗೂ ಮುಜುಗರವಿಲ್ಲ. ನಮ್ಮಂಥವರ ಕೈ ತಾಗಬಾರದು ಎನ್ನುತ್ತಿದ್ದ ಮನೆಗಳಿಗೂ ಆ ಕಾಲದಲ್ಲಿ ಈ ಕ್ರಮ ಒದಗಿತು. ನಾನು ಅದನ್ನು ನೆನೆದು ಒಳಗೊಳಗೇ ನಗುತ್ತಿದ್ದೆ. ಮೈ ಮುಟ್ಟದೆ ಅವರ ಮೈಯ ಭಾರವೆಲ್ಲ ನನ್ನ ಅಂಗೈಗೆ ಗೊತ್ತಿತ್ತು.

ಸಣ್ಣ ತಪ್ಪೂ ಒಂದು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಬ್ಬ ಡಾಕ್ಟರ ಕಾರಿಗೆ ಮಖಮಲ್ ಸೀಟು ಹೊಲಿದೆ. ಮಖಮಲ್ಲಿಗೆ ಜೂಲು ಇರುತ್ತದೆ, ಎಲ್ಲವೂ ಒಂದೇ ದಿಕ್ಕಿಗೆ ಮಲಗಬೇಕು. ನಾನು ಬಟ್ಟೆ ಉಳಿಸಲು ಒಂದು ತುಂಡನ್ನು ತಿರುಗಿಸಿ ಕತ್ತರಿಸಿದ್ದೆ. ನೆರಳಿನಲ್ಲಿ ಗೊತ್ತಾಗಲಿಲ್ಲ. ಬಿಸಿಲಿಗೆ ಕಾರು ಬಂದಾಗ ಡಾಕ್ಟರ ಸೀಟು ಕಂದು, ಅವರ ಹೆಂಡತಿಯ ಸೀಟು ಕಪ್ಪು. ಸಾಬರು ನನ್ನನ್ನು ಬೈಯಲಿಲ್ಲ. ಡಾಕ್ಟರಿಗೆ, "ಅಮ್ಮಾವ್ರ ಸೀಟು ಬೇರೆ ಕಾಣ್ಲಿ ಅಂತ ಮಾಡವ್ನೆ ಸ್ವಾಮಿ" ಎಂದರು. ಡಾಕ್ಟರ ಹೆಂಡತಿ ಒಪ್ಪಿಕೊಂಡುಬಿಟ್ಟರು.

ಕೆಲಸ ಬದಲಾಗುತ್ತಾ ಹೋಯಿತು. ಮೊದಲು ಸ್ಪ್ರಿಂಗು, ಅದರ ಮೇಲೆ ಗೋಣಿತಟ್ಟು, ತೆಂಗಿನ ನಾರು, ಹತ್ತಿಯ ಪದರ, ಮೇಲೆ ರೆಕ್ಸಿನ್. ಒಂದು ಸೀಟಿಗೆ ಎರಡು ದಿನ. ಆಮೇಲೆ ಫೋಮು ಬಂತು. ಆಮೇಲೆ ಅಚ್ಚಿನಲ್ಲಿ ಎರೆದ ಸೀಟು ಕಾರಿನ ಜೊತೆಗೇ ಬಂತು, ನಮಗೆ ಉಳಿದದ್ದು ಮೇಲುಹೊದಿಕೆ ಮಾತ್ರ. ಈಗಿನ ಕೆಲವು ಸೀಟುಗಳ ಪಕ್ಕದಲ್ಲಿ ಏರ್‌ಬ್ಯಾಗ್ ಎನ್ನುವ ಗಾಳಿಚೀಲ ಅಡಗಿರುತ್ತದೆ, ಅಲ್ಲಿ ಗಟ್ಟಿ ಹೊಲಿಗೆ ಹಾಕಿದರೆ ಅಪಘಾತದ ಸಮಯದಲ್ಲಿ ಅದು ಬಿಚ್ಚಿಕೊಳ್ಳುವುದಿಲ್ಲ. ಅಲ್ಲಿಗೆ ಸೂಜಿ ತಾಗಿಸಬೇಡಿ. ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಆ ಉದ್ದನೆಯ ಸೀಟಿಗೆ ಬರುತ್ತೇನೆ. ಬಲಗಡೆ, ಬಾಗಿಲಿನ ಹತ್ತಿರ, ಮುಂಭಾಗಕ್ಕೆ ಒಂದು ಆಳವಾದ ತಗ್ಗು ಬಿದ್ದಿತ್ತು. ಮುರಿದ ಸ್ಪ್ರಿಂಗು ಅದರ ಅಂಚಿನಲ್ಲೇ ಇತ್ತು. ಕಣ್ಣಿಗೆ ಕಂಡದ್ದು ಹಾಳಾದ ಸೀಟು, ಅಷ್ಟೇ. ಕೂರಿಸಿ ಎಬ್ಬಿಸಿ ಕೈ ಇಡೋಣವೆಂದರೆ ಅಮ್ಮನವರಿಗೆ ಹೇಳಬಾರದು ಎಂದಿದ್ದರು. ಅದು ನೆಪ. ಇಷ್ಟು ವರ್ಷದ ಕಣ್ಣು ನನ್ನದು, ಇದಕ್ಕೇನು ಕೈ ಇಡುವುದು ಎಂಬ ಜಂಬ ನನಗಿತ್ತು. ಹಳೇ ನಾರನ್ನೆಲ್ಲ ಕಿತ್ತು ಅಂಗಡಿಯ ಹಿಂದೆ ಸುಟ್ಟೆ. ಹಾಗೆ ಸುಡುವುದು ನಮ್ಮಲ್ಲಿ ರೂಢಿ. ಹೊಸ ಸ್ಪ್ರಿಂಗು, ಹೊಸ ನಾರು, ಡೋಲಿನ ಹಾಗೆ ಬಿಗಿದ ಮೇಲ್ಮೈ. ಒಂದು ಗೋಲಿ ಇಟ್ಟರೆ ಉರುಳದಷ್ಟು ಸಮ. ನನ್ನ ಕಸುಬಿನ ಕೊನೆಯ ವರ್ಷಗಳಲ್ಲಿ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ.

ಗುರುವಾರ ಲಕ್ಷ್ಮೀಪುರಂಗೆ ಹೋಗಿ ಸೀಟು ಕೂರಿಸಿದೆ. ಸುಭದ್ರಮ್ಮನವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೋಲು ಊರಿಕೊಂಡು ಬಂದರು. ತಂಗಿಗೆಂದು ಸಣ್ಣ ಡಬ್ಬಿಯಲ್ಲಿ ಹುಗ್ಗಿ ಹಿಡಿದಿದ್ದರು. ಕೂತರು. ಮುಖ ಒಂದು ಗಳಿಗೆಯಲ್ಲಿ ಬದಲಾಯಿತು. ಗುಡುಗಿನ ಗಾಡಿ ಬೀದಿಯ ಕೊನೆಯವರೆಗೆ ಹೋಗಿ, ನಿಂತು, ಹಾಗೇ ಹಿಂದಕ್ಕೆ ಬಂತು.

ಅವರು ಇಳಿಯುವಾಗ ನನ್ನ ಕಡೆ ನೋಡಿ, "ಇದು ಯಾರ ಸೀಟು, ಸಿದ್ದರಾಜು?" ಎಂದರು.

"ನಿಮ್ದೇ ಅಮ್ಮಾವ್ರೇ. ಹೊಸ್ದಾಗಿ ಮಾಡಿದ್ದೀನಿ."

"ನಂದು ಎಲ್ಲಿ ಹೋಯ್ತು?"

ಅವರು ಜಗಲಿಯ ಮೇಲೆ ನಿಧಾನವಾಗಿ ಕೂತು ಹೇಳಿದರು. ಆ ಗಾಡಿಗೆ ಸ್ಟೀರಿಂಗು ಎಡಗಡೆ. ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತವರಿಗೆ ಮುಂದಿನ ಲಾರಿಯ ಆಚೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಅದಕ್ಕೆ ಬಲಗಡೆ ಕೂತ ಅವರು ಮುಂದಕ್ಕೆ ಬಗ್ಗಿ, ಬಲಕ್ಕೆ ವಾಲಿ ನೋಡಿ, "ಬನ್ನಿ, ಖಾಲಿ ಇದೆ" ಎನ್ನಬೇಕು. ಆಗ ವಕೀಲರು ಕಾಲು ಒತ್ತಿದರೆ ಗಾಡಿ ಎದ್ದು ಹಾರುವುದು. ನಲವತ್ತು ವರ್ಷ ಹಾಗೆ ಬಗ್ಗಿ ವಾಲಿ ಕೂತದ್ದಕ್ಕೆ ಬಿದ್ದ ತಗ್ಗು ಅದು. ಅದರಲ್ಲಿ ಕೂತರೆ ಭಾರವೆಲ್ಲ ತಾನಾಗಿ ಬಲಕ್ಕೆ ಹೋಗುತ್ತಿತ್ತು, ಎಡ ಸೊಂಟ ಹಗುರಾಗಿ ತೇಲುತ್ತಿತ್ತು. ನಾನು ಸೀಟನ್ನು ಸಮ ಮಾಡಿ ಆ ಭಾರವನ್ನು ತಂದು ಮುರಿದ ಸೊಂಟದ ಮೇಲೇ ಇಟ್ಟಿದ್ದೆ.

ಆ ನಾರು ಇದ್ದಿದ್ದರೆ ಮತ್ತೆ ಜೋಡಿಸಬಹುದಿತ್ತು. ಅದು ಬೂದಿಯಾಗಿತ್ತು.

ಸೀಟನ್ನು ಮತ್ತೆ ಕೆಸರೆಗೆ ಒಯ್ದು, ನೆನಪಿನಿಂದಲೇ ಬಲಗಡೆ ತೋಡಿದೆ. ಎರಡನೇ ಗುರುವಾರ ಅದೂ ಆಗಲಿಲ್ಲ, ಒಂದು ತಿರುವು ಹೆಚ್ಚು ಹೋಗಿ ವಾಪಸು ಬಂದರು. ಮೂರನೇ ಗುರುವಾರ ನಾನು ಹೋಗಲೇ ಇಲ್ಲ. ವಸುಧಾ ಮೇಡಂ ಫೋನು ಮಾಡಿದಾಗ, "ಜ್ವರ ಬಂದ್ಬುಟ್ಟಿದೆ ಮೇಡಂ" ಎಂದೆ. ಜ್ವರ ಇರಲಿಲ್ಲ. ಸೋತ ಮುಖ ಹೊತ್ತುಕೊಂಡು ಆ ಅಂಗಳಕ್ಕೆ ಹೋಗಲು ನಾಚಿಕೆ. ಅಂಗಡಿಯಲ್ಲಿ ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ವಾರವೆಲ್ಲ ಸುಮ್ಮನೆ ಕೂತಿದ್ದೆ.

ನಾಲ್ಕನೇ ವಾರ ಹೋದೆ. ಈ ಸಲ ಕತ್ತರಿ ಒಯ್ಯಲಿಲ್ಲ. ಎರಡು ಮಧ್ಯಾಹ್ನ ಎರಡೂ ಕಾರುಗಳಲ್ಲಿ ಕೂತು ನೋಡಿದೆ, ಅಷ್ಟೇ ಕೆಲಸ. ಗುಡುಗಿನ ಗಾಡಿಯಲ್ಲಿ ಕೂತರೆ ನೆಲಕ್ಕೆ ಹತ್ತಿರ, ಕಾಲು ಚಾಚಬಹುದು, ಆ ಉದ್ದ ಬಾನೆಟ್ಟಿನ ಮೇಲೆ ಮರದ ನೆರಳು ಹರಿಯುತ್ತಾ ಇರುತ್ತದೆ. ನಿಂತಲ್ಲೇ ಅದು ಎಲ್ಲಿಗೋ ಕರೆದುಕೊಂಡು ಹೋಗುತ್ತದೆ. ಆದರೆ ಇಳಿಯುವಾಗ ಬಾವಿಯಿಂದ ಮೇಲೆ ಬಂದ ಹಾಗೆ, ನನಗೇ ಮಂಡಿ ಹಿಡಿಯಿತು. ಸೊಂಟ ಮುರಿದವರು ಹತ್ತಿಳಿಯುವ ಗಾಡಿ ಅಲ್ಲ ಅದು. ಹ್ಯಾಚ್‌ಬ್ಯಾಕಿನಲ್ಲಿ ಕನಸು ಬೀಳುವುದಿಲ್ಲ. ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಆದರೆ ಬಾಗಿಲು ಎತ್ತರ, ಸೀಟು ಸರಿಯಾಗಿ ಸೊಂಟದ ಮಟ್ಟಕ್ಕೆ, ಕುರ್ಚಿಯಲ್ಲಿ ಕೂತ ಹಾಗೆ ಕೂತು ಕಾಲು ಒಳಗೆ ಎಳೆದುಕೊಂಡರೆ ಮುಗಿಯಿತು. ಕೆಟ್ಟದ್ದು ಸೀಟಿನ ಅಚ್ಚು ಮಾತ್ರ. ಯಾರೂ ನೋಡಿರದ ಒಬ್ಬ ಮನುಷ್ಯನಿಗೋಸ್ಕರ ಎರೆದ ಅಚ್ಚು ಅದು.

ಅಮ್ಮನವರನ್ನೇ ಕೇಳಿದೆ. "ಯಾವ ಗಾಡಿಗೆ ಮಾಡ್ಲಿ ಅಮ್ಮಾವ್ರೇ? ದೊಡ್ಡದೋ, ಚಿಕ್ಕದೋ?"

ಅವರು ಬಹಳ ಹೊತ್ತು ದೊಡ್ಡ ಗಾಡಿಯನ್ನು ನೋಡಿದರು. "ಅದ್ರಲ್ಲಿ ಕೂತು ಖಾಲಿ ಇದೆ ಅಂತ ಯಾರಿಗೆ ಹೇಳ್ಲಿ? ಚಿಕ್ಕದಕ್ಕೇ ಮಾಡಿ. ನಂಗೆ ಕಾರು ಬೇಡಪ್ಪ, ಲಲಿತ ಬೇಕು."

ಅರ್ಧ ಮೂಟೆ ರಾಗಿ ತಂದೆ. ರಾಗಿ ಮೈಗೆ ತಕ್ಕ ಹಾಗೆ ಸರಿದು, ಸರಿದಲ್ಲೇ ನಿಲ್ಲುತ್ತದೆ. ಮೂಟೆಯನ್ನು ಹ್ಯಾಚ್‌ಬ್ಯಾಕಿನ ಮುಂದಿನ ಸೀಟಿನ ಮೇಲೆ ಇಟ್ಟು ವಸುಧಾ ಮೇಡಂ ಚಾಲೂ ಮಾಡಿ ಎಸಿ ಹಾಕಿದರೆ, ಕಾರು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳಲು ಶುರು. ಯಾರೋ ಬೆಲ್ಟು ಹಾಕದೆ ಕೂತಿದ್ದಾರೆ ಎಂದು ಅದರ ಲೆಕ್ಕ. ನಾನು ಬೆಲ್ಟು ಎಳೆದು ರಾಗಿಮೂಟೆಗೆ ಹಾಕಿದೆ. ಕಾರು ಸುಮ್ಮನಾಯಿತು. ಸುಭದ್ರಮ್ಮನವರು ಕೋಲಿನ ಮೇಲೆ ಭಾರ ಬಿಟ್ಟು ನಕ್ಕರು. "ರಾಗಿಗಾದ್ರೂ ಜೋಪಾನ ಮಾಡತ್ತಲ್ಲ" ಎಂದರು. ಬಿದ್ದ ಮೇಲೆ ಅಮ್ಮ ನಕ್ಕದ್ದು ಇದೇ ಮೊದಲು ಎಂದು ಮೇಡಂ ನನಗೆ ಆಮೇಲೆ ಹೇಳಿದರು.

ಆ ಮೂಟೆಯ ಮೇಲೆ ಅವರನ್ನು ಕೂರಿಸಿ, ನಾನು ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಅವರು ತಂಗಿಯ ಮಾತು ಆಡಿದರು. ಚಿಕ್ಕವಳಿದ್ದಾಗ ಲಲಿತೆಗೆ ಕತ್ತಲೆಂದರೆ ಭಯವಂತೆ, ಅಕ್ಕನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತಿದ್ದಳಂತೆ. ಮಾತಿನಲ್ಲಿ ಅವರು ನೋವು ಮರೆತರು, ಮೈ ತನಗೆ ಬೇಕಾದ ಕಡೆಗೆ ಸರಿದುಕೊಂಡಿತು. ಮುಕ್ಕಾಲು ಗಂಟೆಯ ಮೇಲೆ, "ಏಳಿ ಅಮ್ಮಾವ್ರೇ, ಕಾಫಿ ಕುಡೀರಿ" ಎಂದೆ. ಅವರು ತಿರುಗಿದ ಕೂಡಲೇ ಅಂಗೈ ಇಟ್ಟೆ. ರಾಗಿ ಇನ್ನೂ ಬೆಚ್ಚಗಿತ್ತು. ಬಲಕ್ಕೆ ಆಳ, ಮುಂದಕ್ಕೆ ಇಳಿಜಾರು, ಎಡಗಡೆ ಒಂದು ಬೊಗಸೆಯಷ್ಟು ಬರೀ ಜಾಗ. ನಾನು ಸುಟ್ಟುಹಾಕಿದ್ದೆ ಎಂದುಕೊಂಡಿದ್ದ ತಗ್ಗು ಅವರ ಮೈಯಲ್ಲೇ ಇತ್ತು. ನನಗೆ ಕಣ್ಣು ತುಂಬಿ ಬಂತು, ಸಂಕೋಚವಿಲ್ಲದೆ ಹೇಳುತ್ತೇನೆ.

ಗಾಳಿಚೀಲ ಇರುವ ಪಕ್ಕವನ್ನು ಮುಟ್ಟದೆ, ಕೂರುವ ಭಾಗದ ಫೋಮನ್ನು ಮಾತ್ರ ಕೊರೆದು ಮೂರು ಬಗೆಯ ಪದರ ಜೋಡಿಸಿದೆ. ಕೆಳಗೆ ಗಟ್ಟಿ, ಮೇಲೆ ಮೆತ್ತಗೆ, ಎಡಗಡೆ ಕೈಯಿಟ್ಟರೆ ಹತ್ತಿಯಂತೆ ಇಳಿಯುವ ತುಂಡು. ನೋಡಲು ಚೆನ್ನಾಗಿರಲಿಲ್ಲ, ಒಂದು ಕಡೆ ಕುಸಿದ ಸೀಟು. ಸಾಬರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ನಾಲ್ಕನೇ ಗುರುವಾರ ಈ ಕೆಲಸದಲ್ಲೇ ಕಳೆಯಿತು.

ಐದನೇ ಗುರುವಾರ ಹೊರಟೆವು. ಏನಾದರೂ ಸರಿ ಮಾಡಬೇಕಾದರೆ ಇರಲಿ ಎಂದು ಸೂಜಿದಾರ ಹಿಡಿದು ನಾನು ಹಿಂದಿನ ಸೀಟಿನಲ್ಲಿದ್ದೆ. ಬೀದಿಯ ಕೊನೆ ಬಂತು. ಅವರು ನೋವು ಅನ್ನಲಿಲ್ಲ. ಮೊದಲ ತಿರುವು, ಎರಡನೇ ತಿರುವು. ಮರಗಳ ಕೆಳಗೆ ಬಿಸಿಲು ಚುಕ್ಕಿಚುಕ್ಕಿಯಾಗಿ ಅವರ ಬಿಳೀ ಕೂದಲಿನ ಮೇಲೆ ಹಾದುಹೋಗುತ್ತಿತ್ತು. ಒಂದು ಕಡೆ ನಮ್ಮ ಮುಂದೆ ಬಸ್ಸು ಅಡ್ಡವಾದಾಗ ಅವರು ಅಭ್ಯಾಸಬಲದಿಂದ ಬಗ್ಗಿ ನೋಡಿ, ಈಗ ಎಡಗಡೆ ಕೂತಿದ್ದರಿಂದ ಏನೂ ಕಾಣದೆ ಮತ್ತೆ ಒರಗಿದರು. ಒಂಟಿಕೊಪ್ಪಲು ಬಂದದ್ದೇ ನನಗೆ ಗೊತ್ತಾಗಲಿಲ್ಲ.

ಅವರು ಒಳಗೆ ಹೋಗುವಾಗ ಹುಗ್ಗಿಯ ಡಬ್ಬಿ ಹಿಡಿದು ನಾನೂ ಹಿಂದೆ ಹೋದೆ. ಲಲಿತಮ್ಮನವರು ಕಿಟಕಿಯ ಹತ್ತಿರ ಮಲಗಿದ್ದರು, ಹೊದಿಕೆಯ ಕೆಳಗೆ ಮೈಯೇ ಇಲ್ಲದಷ್ಟು ಸಣ್ಣಗೆ. ಅಕ್ಕನನ್ನು ನೋಡಿದರು. ತುಟಿ ಅಲುಗಿತು, ದನಿ ಬರಲಿಲ್ಲ. ಕೈಯೆತ್ತಿ ಸೆರಗು ಹಿಡಿದರು. ಸುಭದ್ರಮ್ಮನವರು ಮಂಚದ ಅಂಚಿನಲ್ಲಿ ಕೂತು, "ಲಲಿತಾ, ನಾನು ಬಂದೆ ಕಣೇ. ಮಾತಾಡು" ಎಂದರು. ಮತ್ತೆ ಮತ್ತೆ ಅಂದರು.

ನೋಡಿಕೊಳ್ಳುತ್ತಿದ್ದ ಹೆಂಗಸು ಬಾಗಿಲಲ್ಲಿ ನಿಂತು ಹೇಳಿದಳು. "ಹೋದ ಭಾನುವಾರದಿಂದ ಮಾತು ನಿಂತೋಗದೆ ಕಣಮ್ಮ. ಅದಕ್ಕೆ ಮುಂಚೆ ಒಂದೇ ಸಮ್ನೆ ಮಾತು. ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಅಂತ. ಎರಡು ವಾರದ ಹಿಂದೆ ಗುರುವಾರವಂತೂ ಎಬ್ಸಿ ಕೂರ್ಸು ಅಂತ ಹಟ ಮಾಡಿ, ತಲೆ ಬಾಚಿಸ್ಕೊಂಡು, ಸಂಜೆಗಂಟ ಬಾಗ್ಲು ನೋಡ್ಕೊಂಡು ಕೂತಿದ್ರು."

ಎರಡು ವಾರದ ಹಿಂದಿನ ಗುರುವಾರ ಎಂದರೆ ನಾನು ಜ್ವರ ಎಂದಿದ್ದ ಗುರುವಾರ.

ಸಂಜೆ ವಾಪಸು ಬರುವಾಗ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹಿಂದಿನಿಂದ ಬಗ್ಗಿ, "ಅಮ್ಮಾವ್ರೇ, ನಂಗೆ ಜ್ವರ ಬಂದಿರ್ಲಿಲ್ಲ. ಎಂಗೆ ಮುಖ ತೋರ್ಸೋದು ಅಂತ ಬರ್ಲಿಲ್ಲ" ಎಂದೆ.

ಅವರು ರಸ್ತೆಯನ್ನೇ ನೋಡುತ್ತಿದ್ದರು. ಸುಮಾರು ದೂರ ಹೋದ ಮೇಲೆ, "ಹೌದಾ" ಎಂದರು. ಆಮೇಲೆ, "ಆವತ್ತು ಅವಳು ಮಾತಾಡ್ತಿದ್ಲು, ಸಿದ್ದರಾಜು" ಎಂದರು.

ಅಷ್ಟೇ. ಬೈಯಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ವಸುಧಾ ಮೇಡಂ ಗೇರು ಬದಲಿಸಿದರು. ಲಕ್ಷ್ಮೀಪುರಂ ತಲುಪುವವರೆಗೂ ಸುಭದ್ರಮ್ಮನವರು ಆ ಸೀಟಿನಲ್ಲಿ ಒಮ್ಮೆಯೂ ಮಗ್ಗುಲು ಬದಲಿಸದೆ ಕೂತಿದ್ದರು. ಸೊಂಟ ನೋಯಲಿಲ್ಲವಂತೆ.